ಕಾರಿನಲ್ಲಿ ಸರಿ, ದೋಣಿಯಲ್ಲಿ ತಪ್ಪು: ಹೊರಗಿನ ಜಿಪಿಎಸ್ ರಿಸೀವರ್‌ನ ದೋಷ ಹುಡುಕುವ ಬಗೆ

ರಾತ್ರಿ ಎರಡು ಗಂಟೆಗೆ ಭಾವ ನನ್ನನ್ನು ಎಬ್ಬಿಸಿದರು. ಕರಾವಳಿಯ ಒಂದು ಸಣ್ಣ ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿ ಮಲಗಿದ್ದೆವು. ಲ್ಯಾಪ್‌ಟಾಪ್ ಪರದೆಯಲ್ಲಿ ದೋಣಿಯ ಗುರುತು ಸಂಜೆ ಇದ್ದ ಜಾಗದಲ್ಲೇ ಇತ್ತು. ಲಂಗರು ಕಾವಲಿನ ಅಲಾರಂ ಕೂಗಿರಲಿಲ್ಲ. ಆದರೆ ದಡದ ದೀಪಗಳು ಸಂಜೆ ಕಂಡ ಸಾಲಿನಲ್ಲಿ ಇರಲಿಲ್ಲ. ಲಂಗರು ಜಾರಿತ್ತು. ದೋಣಿ ಮೆಲ್ಲಗೆ ಬಂಡೆಗಳ ಕಡೆ ಸರಿಯುತ್ತಿತ್ತು.

ಎಂಜಿನ್ ಚಾಲೂ ಮಾಡಿ ಮುಂದೆ ಹೋದ ಕೂಡಲೇ ಪರದೆಯ ಮೇಲಿನ ಗುರುತು ಒಮ್ಮೆಲೇ ಹಾರಿ ಸರಿಯಾದ ಜಾಗಕ್ಕೆ ಬಂತು. ಎಂಜಿನ್ ಓಡಿದಾಗ ಬ್ಯಾಟರಿಗೆ ಬಲ ಬಂತು, ಅದಕ್ಕೇ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದ ಜಿಪಿಎಸ್ ರಿಸೀವರ್ ಎಚ್ಚರವಾಯಿತು ಅಂತ ಇಬ್ಬರೂ ನಂಬಿದೆವು. ಮರುದಿನವಿಡೀ ವೈರಿಂಗ್ ಬಿಚ್ಚಿ ನೋಡಿದೆವು. ಅಲ್ಲಿ ಏನೂ ಇರಲಿಲ್ಲ. ಅದೇ ರಿಸೀವರ್ ಎರಡು ದಿನ ಮುಂಚೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೂತು ಶಿರಾಡಿ ಘಾಟಿಯನ್ನು ಒಂದು ತಿರುವೂ ತಪ್ಪದೆ ಇಳಿಸಿತ್ತು. ಕಾರಿನಲ್ಲಿ ಅಷ್ಟು ಚೆನ್ನಾಗಿ ನಡೆದದ್ದೇ ದೋಣಿಯಲ್ಲಿ ನಮ್ಮನ್ನು ದಾರಿ ತಪ್ಪಿಸಿತು. ಕಾರಣ ಏನು ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಹುಡುಕುವ ಕ್ರಮ ಹೇಳಬೇಕು. ಯಾಕೆಂದರೆ ಆ ದಿನ ನಮಗೆ ಇಲ್ಲದೇ ಇದ್ದದ್ದು ಅದೇ.

ಮೊದಲು ಹಸಿ ಸಾಲುಗಳನ್ನು ನೋಡಿ

ಹೊರಗಿನ ರಿಸೀವರ್ ಅಂದರೆ ಒಂದು ಸರಪಳಿ. ಆಕಾಶದ ಉಪಗ್ರಹ, ಆಂಟೆನಾ, ರಿಸೀವರ್ ಚಿಪ್, ಕೇಬಲ್ ಅಥವಾ ಬ್ಲೂಟೂತ್, ಕಂಪ್ಯೂಟರಿನ ಪೋರ್ಟ್, ನ್ಯಾವಿಗೇಶನ್ ತಂತ್ರಾಂಶ, ಕೊನೆಗೆ ನಕ್ಷೆ. ಎಲ್ಲಿ ಕೊಂಡಿ ಕಳಚಿದರೂ ಪರದೆಯಲ್ಲಿ ಕಾಣುವುದು ಒಂದೇ, "ಜಿಪಿಎಸ್ ಕೆಲಸ ಮಾಡ್ತಿಲ್ಲ". ಹಾಗಾಗಿ ಒಂದು ತುದಿಯಿಂದ ಹುಡುಕುತ್ತಾ ಹೋಗಬೇಡಿ. ಸರಪಳಿಯ ನಡುವೆ ಕೈ ಹಾಕಿ. ಆ ನಡು ಅಂದರೆ ಎನ್‌ಎಂಇಎ ಅನ್ನುವ ಸಾಮಾನ್ಯ ಭಾಷೆಯಲ್ಲಿ ರಿಸೀವರ್ ಕಳಿಸುವ ಸಾಲುಗಳು.

ಇವು ಸಾದಾ ಅಕ್ಷರದ ಸಾಲುಗಳು. ಡಾಲರ್ ಗುರುತಿನಿಂದ ಶುರುವಾಗುತ್ತವೆ, ನಡುವೆ ಅಲ್ಪವಿರಾಮಗಳು, ಕೊನೆಯಲ್ಲಿ ನಕ್ಷತ್ರ ಗುರುತು ಮತ್ತು ಎರಡು ಅಕ್ಷರದ ತಾಳೆ ಸಂಖ್ಯೆ. ಯಾವುದೇ ಸೀರಿಯಲ್ ಟರ್ಮಿನಲ್ ತಂತ್ರಾಂಶದಲ್ಲಿ ಪೋರ್ಟ್ ತೆರೆದರೆ ಇವು ಸೆಕೆಂಡಿಗೊಮ್ಮೆ ಹರಿದು ಬರುತ್ತವೆ. ಓಪನ್‌ಸಿಪಿಎನ್ ಅನ್ನುವ ಕಡಲ ಚಾರ್ಟ್ ತಂತ್ರಾಂಶ ಬಳಸುವವರಿಗೆ ಅದರಲ್ಲೇ ಈ ಸಾಲುಗಳನ್ನು ತೋರಿಸುವ ಕಿಟಕಿ ಇದೆ. ಫೋನಿಗೂ ಇಂಥ ಆ್ಯಪ್‌ಗಳಿವೆ.

ಎಲ್ಲ ಸಾಲೂ ಓದಬೇಕಿಲ್ಲ. ನಾಲ್ಕು ಸಾಕು. ಆರ್‌ಎಂಸಿ ಸಾಲಿನಲ್ಲಿ ಸಮಯದ ಪಕ್ಕ ಒಂದು ಅಕ್ಷರ ಇರುತ್ತದೆ. ಎ ಇದ್ದರೆ ಜಾಗ ಸಿಕ್ಕಿದೆ, ವಿ ಇದ್ದರೆ ಸಿಕ್ಕಿಲ್ಲ, ಆ ಅಂಕಿಗಳನ್ನು ನಂಬಬಾರದು. ಜಿಜಿಎ ಸಾಲಿನಲ್ಲಿ ರೇಖಾಂಶದ ನಂತರ ಒಂದು ಅಂಕಿ ಇರುತ್ತದೆ. 0 ಅಂದರೆ ಇಲ್ಲ, 1 ಅಂದರೆ ಸಾದಾ ಜಿಪಿಎಸ್, 2 ಅಂದರೆ ತಿದ್ದುಪಡಿಯ ನೆರವು ಸಿಕ್ಕಿದೆ. ನಮ್ಮಲ್ಲಿ ಆ ನೆರವು ಸಾಮಾನ್ಯವಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯಿಂದ ಬರುತ್ತದೆ. ಜಿಎಸ್‌ಎ ಸಾಲು ಎರಡು ಆಯಾಮವೋ ಮೂರು ಆಯಾಮವೋ ಹೇಳುತ್ತದೆ. ಜಿಎಸ್‌ವಿ ಸಾಲು ಕಾಣುವ ಉಪಗ್ರಹಗಳನ್ನೂ ಒಂದೊಂದರ ಸಿಗ್ನಲ್ ಬಲವನ್ನೂ ಕೊಡುತ್ತದೆ. ಬಲ 40 ದಾಟಿದರೆ ಚೆನ್ನಾಗಿದೆ. 30ರ ಆಸುಪಾಸು ಇದ್ದರೆ ನಡೆಯುತ್ತದೆ. ಎಲ್ಲವೂ 25ಕ್ಕಿಂತ ಕೆಳಗೆ ಇದ್ದರೆ ಆಂಟೆನಾದ ಕಡೆ ನೋಡಬೇಕು.

ಈಗ ಮೂರು ದಾರಿ. ಸಾಲು ಬರುತ್ತಲೇ ಇಲ್ಲ ಅಂದರೆ ತೊಂದರೆ ಕೇಬಲ್, ಕರೆಂಟ್ ಅಥವಾ ಪೋರ್ಟ್‌ನಲ್ಲಿದೆ. ಸಾಲು ಬರುತ್ತಿದೆ, ಆದರೆ ವಿ ಅಂತ ಹೇಳುತ್ತಿದೆ ಅಂದರೆ ಆಕಾಶ ಮತ್ತು ಆಂಟೆನಾ. ಎ ಅಂತ ಹೇಳಿಯೂ ಗುರುತು ತಪ್ಪು ಜಾಗದಲ್ಲಿದ್ದರೆ ಸೆಟ್ಟಿಂಗ್ ಮತ್ತು ನಕ್ಷೆ. ಐದು ನಿಮಿಷದ ಈ ಕೆಲಸ ಮಾಡಿದ್ದರೆ ನಮ್ಮ ಒಂದು ದಿನ ಉಳಿಯುತ್ತಿತ್ತು.

ಸಾಲು ಬರುತ್ತಲೇ ಇಲ್ಲ

ರಿಸೀವರ್‌ನ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಕರೆಂಟ್ ಇಲ್ಲ. ಕಾರಿನಲ್ಲಿ ಇದು ಹೆಚ್ಚಾಗಿ ಸಡಿಲ ಚಾರ್ಜರ್ ಅಥವಾ ಹಾಳಾದ ಯುಎಸ್‌ಬಿ ಹಬ್. ದೋಣಿಯಲ್ಲಿ ಹೆಚ್ಚಾಗಿ ಕಿಲುಬು. ಉಪ್ಪುಗಾಳಿ ಹೊಡೆದ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಹೊರಗಿಂದ ಕನೆಕ್ಟರ್ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಸಂಪರ್ಕ ಇರುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡುವಾಗ ಬ್ಯಾಟರಿಯ ಹತ್ತಿರ ಅಲ್ಲ, ರಿಸೀವರ್‌ನ ತುದಿಯಲ್ಲಿ ನೋಡಿ. ಬ್ಯಾಟರಿ ಹತ್ತಿರ 12 ವೋಲ್ಟ್ ಇದ್ದದ್ದು ತೆಳು ವೈರು, ಕಿಲುಬು ದಾಟಿ ಅಲ್ಲಿಗೆ ಎಷ್ಟು ತಲುಪುತ್ತದೆ ಅನ್ನುವುದೇ ಮುಖ್ಯ. ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿನಲ್ಲೂ ಮೀಟರ್ ನೋಡುತ್ತಿರಿ. ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಕುಸಿದು ರಿಸೀವರ್ ಆಫ್ ಆಗಿ ಮತ್ತೆ ಶುರುವಾಗುವುದು ತುಂಬ ಕಡೆ ಇದೆ.

ಯುಎಸ್‌ಬಿ ಕೇಬಲ್‌ನ ಉದ್ದಕ್ಕೂ ಮಿತಿ ಇದೆ. ಸಾಮಾನ್ಯವಾಗಿ 5 ಮೀಟರ್. ಕ್ಯಾಬಿನ್ ಚಾವಣಿಯಿಂದ ಕೆಳಗಿನ ಮೇಜಿನ ತನಕ ಎರಡು ಮೂರು ಎಕ್ಸ್‌ಟೆನ್ಶನ್ ಸೇರಿಸಿದರೆ ಒಂದೊಂದು ಸಲ ನಡೆಯುತ್ತದೆ, ಒಂದೊಂದು ಸಲ ನಡೆಯುವುದಿಲ್ಲ. ಹೀಗೆ ಬಂದು ಹೋಗುವ ದೋಷ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಪರೀಕ್ಷೆ ಮಾಡುವಾಗ ಎಕ್ಸ್‌ಟೆನ್ಶನ್ ಎಲ್ಲ ತೆಗೆದು ರಿಸೀವರನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಿ.

ದೀಪ ಇದೆ, ಸಾಲು ಮಾತ್ರ ಇಲ್ಲ ಅಂದರೆ ಪೋರ್ಟ್ ಕಡೆ ಬನ್ನಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಕಾಮ್ ಪೋರ್ಟ್‌ನ ಸಂಖ್ಯೆ ಸಿಗುತ್ತದೆ. ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಈ ಸಂಖ್ಯೆ ಬದಲಾಗಬಹುದು. ನಿನ್ನೆ ನಡೆದದ್ದು ಇವತ್ತು ನಡೆಯದಿರುವುದಕ್ಕೆ ಇದು ಸಾಮಾನ್ಯ ಕಾರಣ. ಇನ್ನೊಂದು, ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ತೆರೆಯಬಹುದು. ಪರೀಕ್ಷೆಗೆ ತೆರೆದ ಟರ್ಮಿನಲ್ ಮುಚ್ಚದೆ ಚಾರ್ಟ್ ತಂತ್ರಾಂಶ ಶುರು ಮಾಡಿದರೆ ಅದಕ್ಕೆ ಏನೂ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ನಿಮ್ಮ ಬಳಕೆದಾರ ಹೆಸರು ಡಯಲ್‌ಔಟ್ ಗುಂಪಿನಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಪೋರ್ಟ್ ತೆರೆಯಲು ಅನುಮತಿ ಇರುವುದಿಲ್ಲ.

ಸಾಲಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಬಾಡ್ ವೇಗ, ಅಂದರೆ ಅಕ್ಷರಗಳನ್ನು ಕಳಿಸುವ ವೇಗ, ಎರಡು ಕಡೆ ಹೊಂದಿಲ್ಲ. ಹಳೆಯ ರಿಸೀವರ್‌ಗಳು 4800, ಹೊಸವು ಸಾಮಾನ್ಯವಾಗಿ 9600. ದೋಣಿಯಲ್ಲಿ ಎಐಎಸ್ (ಹಡಗುಗಳು ತಮ್ಮ ಗುರುತು, ಜಾಗ ಸಾರುವ ಉಪಕರಣ) ಇದ್ದರೆ 38400. ಮೂರನ್ನೂ ಒಂದೊಂದಾಗಿ ಹಾಕಿ ನೋಡಿ. ಮೂರರಲ್ಲೂ ಕಸವೇ ಬಂದರೆ ಯಾರೋ ರಿಸೀವರನ್ನು ಬೈನರಿ ಭಾಷೆಗೆ ಬದಲಿಸಿ ಹಾಗೇ ಬಿಟ್ಟಿರಬಹುದು. ತಯಾರಕರ ಸೆಟ್ಟಿಂಗ್ ತಂತ್ರಾಂಶದಿಂದ ಅದನ್ನು ಎನ್‌ಎಂಇಎಗೆ ವಾಪಸ್ ತರಬೇಕು.

ಒಂದು ವಿಚಿತ್ರ ದೋಷ ಹೇಳಿಬಿಡುತ್ತೇನೆ, ಮೊದಲ ಸಲ ನೋಡಿದಾಗ ವೈರಸ್ ಅಂತಲೇ ಅನಿಸುತ್ತದೆ. ರಿಸೀವರ್ ಚುಚ್ಚಿದ ಕೂಡಲೇ ಮೌಸ್‌ನ ಬಾಣ ಪರದೆ ತುಂಬ ಹಾರಾಡುತ್ತದೆ, ತಾನೇ ಕ್ಲಿಕ್ ಮಾಡುತ್ತದೆ, ಕಿಟಕಿಗಳು ತೆರೆದು ಮುಚ್ಚುತ್ತವೆ. ವಿಂಡೋಸ್ ಶುರುವಾಗುವಾಗ ಆ ಪೋರ್ಟ್‌ನಲ್ಲಿ ಹರಿಯುವ ಸಾಲುಗಳನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಅಂತ ತಿಳಿದುಕೊಂಡಿದೆ, ಅಷ್ಟೇ. ರಿಸೀವರ್ ತೆಗೆದರೆ ನಿಲ್ಲುತ್ತದೆ. ಮತ್ತೆ ಚುಚ್ಚಿ, ಡಿವೈಸ್ ಮ್ಯಾನೇಜರ್‌ನ ಮೌಸ್ ಪಟ್ಟಿಯಲ್ಲಿ ಹೊಸದಾಗಿ ಕಾಣುವ ಸೀರಿಯಲ್ ಬಾಲ್‌ಪಾಯಿಂಟ್ ಅನ್ನುವುದನ್ನು ಡಿಸೇಬಲ್ ಮಾಡಿ. ಅಳಿಸಬೇಡಿ, ಅಳಿಸಿದರೆ ಮತ್ತೆ ಹುಟ್ಟುತ್ತದೆ. ಕಂಪ್ಯೂಟರ್ ಪೂರ್ತಿ ಶುರುವಾದ ಮೇಲೆಯೇ ರಿಸೀವರ್ ಚುಚ್ಚುವ ಅಭ್ಯಾಸವೂ ಒಳ್ಳೆಯದು.

ಬ್ಲೂಟೂತ್ ರಿಸೀವರ್ ಮತ್ತು ಆ್ಯಂಡ್ರಾಯ್ಡ್ ಟ್ಯಾಬ್ಲೆಟ್ ಜೋಡಿಯಲ್ಲಿ ಜೋಡಣೆ ಆದರೆ ಮಾತ್ರ ಸಾಲದು. ನಡುವೆ ಒಂದು ಸೇತುವೆ ಆ್ಯಪ್ ಬೇಕು. ಡೆವಲಪರ್ ಆಯ್ಕೆಗಳಲ್ಲಿ ಅಣಕು ಸ್ಥಳದ ಆ್ಯಪ್ ಅಂತ ಅದನ್ನು ಆರಿಸಬೇಕು. ಹತ್ತು ನಿಮಿಷ ನಡೆದು ಆಮೇಲೆ ನಿಲ್ಲುತ್ತದೆ ಅಂದರೆ ಬ್ಯಾಟರಿ ಉಳಿತಾಯ ಆ ಸೇತುವೆ ಆ್ಯಪನ್ನು ಮಲಗಿಸುತ್ತಿದೆ. ಆ ಆ್ಯಪ್ ಒಂದಕ್ಕೆ ಉಳಿತಾಯ ತೆಗೆದುಹಾಕಿ.

ಸಾಲು ಬರುತ್ತದೆ, ಜಾಗ ಸಿಗುವುದಿಲ್ಲ

ಇಲ್ಲಿ ತಾಳ್ಮೆ ಮೊದಲ ಮದ್ದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಒಂದು ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ನಡುವೆ ಒಂದು ತುಣುಕು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಫೋನ್ ಇದನ್ನೆಲ್ಲ ಮೊಬೈಲ್ ನೆಟ್‌ವರ್ಕ್‌ನಿಂದ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ಅದಕ್ಕೇ ಅದು ಬೇಗ. ನಮ್ಮ ಹೊರಗಿನ ರಿಸೀವರ್ ಆಕಾಶದಿಂದಲೇ ಕೇಳಬೇಕು. ವಾರಗಟ್ಟಲೆ ಡ್ರಾಯರ್‌ನಲ್ಲಿದ್ದ ರಿಸೀವರನ್ನು ತೆಗೆದು ಚಲಿಸುವ ಕಾರಿನಲ್ಲಿ, ಕಟ್ಟಡಗಳ ನಡುವೆ ಶುರು ಮಾಡಿದರೆ ಹಲವು ನಿಮಿಷ ಹಿಡಿಯಬಹುದು. ಬಯಲಿನಲ್ಲಿ ಅಲುಗಾಡದೆ ಇಟ್ಟು 15 ನಿಮಿಷ ಕಾಯಿರಿ. ಆಮೇಲೂ ವಿ ಅಂತಲೇ ಇದ್ದರೆ ಮಾತ್ರ ದೋಷ ಅನ್ನಿ.

ಕಾರಿನಲ್ಲಿ ಮೊದಲು ಗಾಜು ನೋಡಿ. ಕೆಲವು ಮುಂಗಾಜುಗಳಲ್ಲಿ ಬಿಸಿಲು ತಡೆಯಲು ಲೋಹದ ತೆಳು ಪದರ ಇರುತ್ತದೆ. ಅಂಟಿಸಿದ ಫಿಲ್ಮ್‌ನಲ್ಲೂ ಇರಬಹುದು. ಪರೀಕ್ಷೆ ಸುಲಭ. ಒಳಗೆ ಇಟ್ಟು ಜಿಎಸ್‌ವಿ ಬಲ ಬರೆದುಕೊಳ್ಳಿ, ರಿಸೀವರನ್ನು ಚಾವಣಿ ಮೇಲೆ ಇಟ್ಟು ಮತ್ತೆ ಬರೆದುಕೊಳ್ಳಿ. ಎಲ್ಲ ಉಪಗ್ರಹದ ಬಲವೂ ಒಟ್ಟಿಗೆ ಹತ್ತರಷ್ಟು ಏರಿದರೆ ಗಾಜೇ ಕಾರಣ.

ಎರಡನೆಯದು ಡ್ಯಾಶ್‌ಕ್ಯಾಮ್. ಕಡಿಮೆ ಬೆಲೆಯ ಕೆಲವು ಡ್ಯಾಶ್‌ಕ್ಯಾಮ್‌ಗಳೂ ಅವುಗಳ ಚಾರ್ಜರ್‌ಗಳೂ ರೇಡಿಯೋ ಗದ್ದಲ ಚೆಲ್ಲುತ್ತವೆ. ಜಿಪಿಎಸ್‌ನ ಮುಖ್ಯ ತರಂಗ 1575.42 ಮೆಗಾಹರ್ಟ್ಸ್. ನೆಲಕ್ಕೆ ಬರುವ ಹೊತ್ತಿಗೆ ಅದು ಎಷ್ಟು ಬಲಹೀನ ಅಂದರೆ ಪಕ್ಕದ ಅಗ್ಗದ ಚಾರ್ಜರ್ ಕೂಡ ಅದನ್ನು ಮುಳುಗಿಸಬಹುದು. ಒಂದೊಂದೇ ಉಪಕರಣ ಆಫ್ ಮಾಡುತ್ತಾ ಬಲ ನೋಡಿ. ಯುಎಸ್‌ಬಿ 3 ಡಿಸ್ಕ್ ಅಥವಾ ಹಬ್ ಪಕ್ಕದಲ್ಲೇ ರಿಸೀವರ್ ಇಡಬೇಡಿ.

ಮಳೆಯ ಮೇಲೆ ತಪ್ಪು ಹೊರಿಸುವವರು ಜಾಸ್ತಿ. ನಮ್ಮ ಕರಾವಳಿಯ ಜೋರು ಮಳೆ ಕೂಡ ಈ ತರಂಗವನ್ನು ಹೆಚ್ಚು ತಡೆಯುವುದಿಲ್ಲ. ಘಾಟಿಯಲ್ಲಿ ತಡೆಯುವುದು ಒದ್ದೆ ಎಲೆಗಳ ಚಪ್ಪರ ಮತ್ತು ಎರಡು ಬದಿಯ ಗುಡ್ಡ. ಆಗುಂಬೆಯ ತಿರುವಿನಲ್ಲಿ ಬಂಡೆಗೆ ಒರಗಿದ ಕಡೆ ಅರ್ಧ ಆಕಾಶ ಮಾಯ. ಅಲ್ಲಿ ಗುರುತು ಅಲುಗಾಡಿದರೆ ರಿಸೀವರ್ ಹಾಳಾಗಿಲ್ಲ.

ದೋಣಿಯಲ್ಲಿ ಆಕಾಶ ಧಾರಾಳ. ತೊಂದರೆ ಬರುವುದು ಆಂಟೆನಾ ಇಡುವ ಜಾಗದಿಂದ. ಫೈಬರ್ ಚಾವಣಿ ಮತ್ತು ಟಾರ್ಪಾಲ್ ದಾಟಿ ಸಿಗ್ನಲ್ ಬರುತ್ತದೆ, ಲೋಹದ ಚಾವಣಿ ದಾಟಿ ಬರುವುದಿಲ್ಲ. ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೋದ ಆಂಟೆನಾ ಪಕ್ಕ ಬೇಡ. ಮಾತಾಡಲು ಗುಂಡಿ ಒತ್ತಿದಾಗಲೆಲ್ಲ ಜಾಗ ಕಳೆದುಹೋದರೆ ಇದೇ ಕಾರಣ. ಕಡಲ ವಿಎಚ್‌ಎಫ್ 157.5 ಮೆಗಾಹರ್ಟ್ಸ್ ಹತ್ತಿರ ಕೂಗಿದರೆ ಅದರ ಹತ್ತುಪಟ್ಟು ಸರಿಯಾಗಿ ಜಿಪಿಎಸ್ ಮೇಲೆ ಬೀಳುತ್ತದೆ. ರೇಡಾರ್ ಬೀಸುವ ಮಟ್ಟದಲ್ಲೂ ಬೇಡ. ಕಂಬದ ತುದಿಗೆ ಏರಿಸುವುದೂ ತಪ್ಪು. ದೋಣಿ ತೂಗುವಾಗ ತುದಿ ಕೆಲವು ಮೀಟರ್ ಆಚೀಚೆ ಬೀಸುತ್ತದೆ, ರಿಸೀವರ್ ಅದನ್ನೇ ದೋಣಿಯ ವೇಗ ಅಂತ ತಿಳಿಯುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಕಾರಿನ ಚಾವಣಿಗೆ ಅಂಟಲಿ ಅಂತ ಈ ಗುಂಡು ರಿಸೀವರ್‌ಗಳ ತಳದಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಅದನ್ನು ದೋಣಿಯ ಕಂಪಾಸ್ ಪಕ್ಕ ಇಟ್ಟರೆ ಕಂಪಾಸ್ ಸುಳ್ಳು ಹೇಳುತ್ತದೆ. ಜಿಪಿಎಸ್ ಸರಿ ಇರುತ್ತದೆ, ಅದು ಕೈಕೊಟ್ಟಾಗ ನೆಚ್ಚಿಕೊಳ್ಳಬೇಕಾದ ಕಂಪಾಸೇ ಕೆಟ್ಟಿರುತ್ತದೆ. ರಿಸೀವರನ್ನು ಕಂಪಾಸ್‌ನ ಹತ್ತಿರ ತಂದು ಮುಳ್ಳು ಅಲುಗುತ್ತದೆಯೇ ನೋಡಿ. ಅಲುಗದ ದೂರ ಸಿಕ್ಕಿದ ಮೇಲೆ ಅದಕ್ಕಿಂತ ಎರಡು ಪಟ್ಟು ದೂರದಲ್ಲಿ ಇಡಿ.

ಜಾಗ ಸಿಕ್ಕಿದೆ, ಆದರೆ ತಪ್ಪು

ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಅಂತ ಅಳೆಯಿರಿ. ಆ ಅಳತೆಯೇ ಕಾರಣ ಹೇಳುತ್ತದೆ.

ಹತ್ತಾರು ಕಿಲೋಮೀಟರ್ ತಪ್ಪಿದ್ದರೆ ಬರೆಯುವ ಕ್ರಮದ ಗೊಂದಲ. ಎನ್‌ಎಂಇಎ ಸಾಲಿನಲ್ಲಿ ಡಿಗ್ರಿಯೂ ನಿಮಿಷವೂ ಅಂಟಿಕೊಂಡು ಬರುತ್ತವೆ. ಮಲ್ಪೆ ಹತ್ತಿರ ಅಕ್ಷಾಂಶ 1321.00 ಅಂತ ಬಂದರೆ ಅದು 13 ಡಿಗ್ರಿ 21 ನಿಮಿಷ, ಅಂದರೆ ದಶಮಾಂಶದಲ್ಲಿ 13.35. ಇದನ್ನು 13.21 ಅಂತ ಓದಿಕೊಂಡರೆ ದೋಣಿ ಸುಮಾರು 15 ಕಿಲೋಮೀಟರ್ ತೆಂಕಣಕ್ಕೆ, ಕಾಪುವಿನ ನೇರಕ್ಕೆ ಹೋಗುತ್ತದೆ. ರೇಖಾಂಶ 7442.00 ಅನ್ನು 74.42 ಅಂತ ಓದಿದರೆ ಸುಮಾರು 30 ಕಿಲೋಮೀಟರ್ ಪಡುವಣಕ್ಕೆ, ನಡುಗಡಲಿಗೆ.

ಕೆಲವು ನೂರು ಮೀಟರ್ ತಪ್ಪಿದ್ದರೆ ನಿಮಿಷದ ದಶಮಾಂಶವನ್ನು ಸೆಕೆಂಡ್ ಅಂತ ಓದಿರುತ್ತೀರಿ. 21.50 ನಿಮಿಷ ಅಂದರೆ 21 ನಿಮಿಷ 30 ಸೆಕೆಂಡ್. ಅದನ್ನು 21 ನಿಮಿಷ 50 ಸೆಕೆಂಡ್ ಅಂತ ಹಾಕಿದರೆ 600 ಮೀಟರ್ ದಾಟಿ ತಪ್ಪುತ್ತದೆ. ಮೀನು ಸಿಕ್ಕ ಜಾಗವನ್ನೋ ಮುಳುಗಿದ ಬಂಡೆಯ ಜಾಗವನ್ನೋ ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳುವಾಗ ಇದು ತುಂಬ ಆಗುತ್ತದೆ. ಬಂಡೆಯ ವಿಷಯದಲ್ಲಿ 600 ಮೀಟರ್ ಸಣ್ಣ ಮಾತಲ್ಲ. "ಪಾಯಿಂಟ್" ಅಂತಲೋ "ಸೆಕೆಂಡ್" ಅಂತಲೋ ಬಾಯಿಬಿಟ್ಟು ಹೇಳಿಸಿಕೊಳ್ಳಿ.

ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಒಂದೇ ಅಳತೆ ಸರಿದಂತೆ ಕಂಡರೆ ನಕ್ಷೆಯ ಆಧಾರ, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಆಕಾರದ ಲೆಕ್ಕ, ಬೇರೆ. ಜಿಪಿಎಸ್ ಲೆಕ್ಕ ಡಬ್ಲ್ಯೂಜಿಎಸ್ 84ರಲ್ಲಿದೆ. ಭಾರತದ ಹಳೆಯ ಸ್ಥಳ ನಕ್ಷೆಗಳು ಎವರೆಸ್ಟ್ ಗೋಳದ ಲೆಕ್ಕದಲ್ಲಿವೆ. ಸ್ಕ್ಯಾನ್ ಮಾಡಿದ ಹಳೆಯ ನಕ್ಷೆ ಬಳಸುವವರು ತಂತ್ರಾಂಶದಲ್ಲಿ ಈ ಆಧಾರ ಸರಿಯಾಗಿ ಕೊಟ್ಟಿದ್ದೀರಾ ನೋಡಿ. ಡೆಹರಾಡೂನ್‌ನ ರಾಷ್ಟ್ರೀಯ ಜಲವಿವರಣಾ ಕಚೇರಿಯ ಕಡಲ ಚಾರ್ಟ್‌ಗಳಲ್ಲಿ ಆಧಾರ ಯಾವುದು ಅನ್ನುವುದು ಚಾರ್ಟ್ ಮೇಲೆಯೇ ಅಚ್ಚಾಗಿರುತ್ತದೆ. ಓದದೆ ಮುಂದೆ ಹೋಗಬೇಡಿ.

ದೋಣಿ ರಸ್ತೆ ಮೇಲೆ ಕಂಡರೆ? ಇದು ನಿಜಕ್ಕೂ ಆಗುತ್ತದೆ. ಕಾರಿನ ನ್ಯಾವಿಗೇಶನ್ ಆ್ಯಪ್‌ಗಳು ಗುರುತನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತವೆ. ಕಾರಿನಲ್ಲಿ ಅದು ಉಪಕಾರ. ರಿಸೀವರ್ ಹತ್ತು ಮೀಟರ್ ತಪ್ಪಿದರೂ ನಮಗೆ ಗೊತ್ತಾಗುವುದಿಲ್ಲ. ಅಂಥ ಆ್ಯಪ್ ಇಟ್ಟುಕೊಂಡು ಅಳಿವೆಯಲ್ಲಿ ಹೊರಟರೆ ದೋಣಿ ದಡದ ರಸ್ತೆಗೆ ಅಂಟಿಕೊಳ್ಳುತ್ತದೆ. ನೀರಿಗೆ ಕಾರಿನ ಆ್ಯಪ್ ಬೇಡ. ಇದಕ್ಕೆ ತಿದ್ದುಪಡಿ ಇಲ್ಲ, ಆ್ಯಪ್ ಬದಲಿಸಬೇಕು ಅಷ್ಟೇ. ರಿಸೀವರ್ ನಿಜಕ್ಕೂ ಎಷ್ಟು ಸರಿ ಇದೆ ಅಂತ ಕಾರಿನಲ್ಲಿ ತಿಳಿಯಬೇಕಿದ್ದರೂ ಈ ಎಳೆದು ಕೂರಿಸುವ ಆಯ್ಕೆ ಇಲ್ಲದ ತಂತ್ರಾಂಶದಲ್ಲೇ ನೋಡಬೇಕು.

ದಡದಿಂದ ದೂರ ಹೋದಾಗ ನಕ್ಷೆ ಬಿಳಿಯಾಗಿ ಗುರುತು ಮಾತ್ರ ಉಳಿದರೆ ಜಿಪಿಎಸ್ ಸತ್ತಿಲ್ಲ. ಮೊಬೈಲ್ ನೆಟ್‌ವರ್ಕ್ ಹೋಗಿ ನಕ್ಷೆ ಇಳಿಯುವುದು ನಿಂತಿದೆ. ದಡದಲ್ಲೇ ಇಳಿಸಿಟ್ಟುಕೊಳ್ಳಬೇಕಿತ್ತು.

ಗುರುತು ಸರಿ ಇದೆ, ಆದರೆ ತಡವಾಗಿ ಬರುತ್ತದೆ, ತಿರುವು ದಾಟಿದ ಮೇಲೆ ತಿರುಗು ಅನ್ನುತ್ತದೆ. ಇದು ಹೊಸ ರಿಸೀವರನ್ನು 4800 ವೇಗದಲ್ಲಿ ಓಡಿಸುವವರ ಕಾಯಿಲೆ. 4800 ಬಾಡ್‌ನಲ್ಲಿ ಸೆಕೆಂಡಿಗೆ ಸುಮಾರು 480 ಅಕ್ಷರ ಮಾತ್ರ ಹೋಗುತ್ತವೆ. ಒಂದು ಸಾಲು 82 ಅಕ್ಷರದ ತನಕ ಇರಬಹುದು. ಅಂದರೆ ಸೆಕೆಂಡಿಗೆ ಆರು ಉದ್ದ ಸಾಲೂ ಹಿಡಿಯುವುದಿಲ್ಲ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ಈ ನಾಲ್ಕು ಉಪಗ್ರಹ ವ್ಯವಸ್ಥೆಗಳ ಜಿಎಸ್‌ವಿ ಸಾಲುಗಳೂ ಸೇರಿದರೆ ಓಣಿ ಕಟ್ಟಿಕೊಳ್ಳುತ್ತದೆ. ಸಾಲುಗಳು ಉದುರಿಹೋಗುತ್ತವೆ ಅಥವಾ ಹಳಸಿ ಬರುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಡ ಅಂದರೆ 17 ಮೀಟರ್. ವೇಗ 38400ಕ್ಕೆ ಏರಿಸಿ, ಅಥವಾ ಬೇಡದ ಸಾಲುಗಳನ್ನು ನಿಲ್ಲಿಸಿ.

ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸುವ ಹಳೆಯ ರಿಸೀವರ್ ಇದ್ದರೆ ಗಾಬರಿ ಬೇಡ. ಜಿಪಿಎಸ್ ವಾರಗಳನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಜಾಗ ಸಾಮಾನ್ಯವಾಗಿ ಸರಿಯೇ ಇರುತ್ತದೆ, ತಾರೀಖನ್ನು ಮಾತ್ರ ನಂಬಬೇಡಿ. ಗಂಟೆ ಐದೂವರೆ ಹಿಂದಿದ್ದರೆ ಅದು ದೋಷವೇ ಅಲ್ಲ, ಸಾಲುಗಳಲ್ಲಿ ಬರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ.

ವಿಎಚ್‌ಎಫ್ ರೇಡಿಯೋಗೆ ಜಾಗ ಹೋಗುತ್ತಿಲ್ಲ

ಇದನ್ನು ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಡಿಎಸ್‌ಸಿ (ಅಪಾಯದ ಕರೆಯನ್ನು ತಾನೇ ಕಳಿಸುವ ಸೌಲಭ್ಯ) ಇರುವ ರೇಡಿಯೋದ ಕೆಂಪು ಗುಂಡಿ ಒತ್ತಿದಾಗ ನಿಮ್ಮ ಜಾಗವೂ ಜೊತೆಗೆ ಹೋಗಬೇಕು. ಒಳಗೆ ಜಿಪಿಎಸ್ ಇಲ್ಲದ ರೇಡಿಯೋಗೆ ಹೊರಗಿನಿಂದ ವೈರು ಕೊಡಬೇಕು. ಬರುತ್ತಿಲ್ಲ ಅಂದರೆ ಮೂರು ನೋಡಿ. ಸಾಲುಗಳನ್ನು ಒಯ್ಯುವ ಎ ಮತ್ತು ಬಿ ಅನ್ನುವ ವೈರುಗಳು ಅದಲುಬದಲಾಗಿವೆಯೇ? ರೇಡಿಯೋ 4800 ಕೇಳುತ್ತಿದೆಯೇ? ರಿಸೀವರ್ ತನ್ನ ಸಾಲುಗಳನ್ನು ಜಿಎನ್ ಅಂತ ಶುರು ಮಾಡುತ್ತಿದೆಯೇ? ಹಲವು ವ್ಯವಸ್ಥೆಗಳನ್ನು ಒಟ್ಟಿಗೆ ಕೇಳುವ ಹೊಸ ರಿಸೀವರ್‌ಗಳು ಹಾಗೆ ಬರೆಯುತ್ತವೆ. ಹಳೆಯ ರೇಡಿಯೋಗಳಿಗೆ ಜಿಪಿ ಅಂತ ಶುರುವಾಗುವ ಸಾಲು ಮಾತ್ರ ಗೊತ್ತು. ರಿಸೀವರನ್ನು ಜಿಪಿಎಸ್ ಒಂದಕ್ಕೇ ಕಟ್ಟಿಹಾಕಿದರೆ ಅಥವಾ ಜಿಪಿ ಅಂತಲೇ ಬರೆಯುವಂತೆ ಹೇಳಿದರೆ ಸರಿಹೋಗುತ್ತದೆ. ಸರಿಯಾಯಿತೇ ಅಂತ ನೋಡಲು ಕೆಂಪು ಗುಂಡಿ ಒತ್ತಬೇಡಿ. ರೇಡಿಯೋದ ಪರದೆಯಲ್ಲೇ ಅಕ್ಷಾಂಶ ರೇಖಾಂಶ ಕಾಣುತ್ತದೆ.

ಚಲಿಸಿದರೂ ನಿಂತಂತೆ ತೋರಿಸುವ ರಿಸೀವರ್

ಈಗ ನಮ್ಮ ಲಂಗರಿನ ರಾತ್ರಿಗೆ ಬರುತ್ತೇನೆ. ಎರಡನೇ ದಿನ ಕೊನೆಗೂ ಹಸಿ ಸಾಲುಗಳನ್ನು ತೆರೆದೆವು. ಎ ಇತ್ತು. ಉಪಗ್ರಹ ಒಂಬತ್ತು, ಬಲ 40ರ ಮೇಲೆ. ಎಲ್ಲವೂ ಚೆನ್ನಾಗಿತ್ತು. ಭಾವ ಒಂದು ಮಾತು ಹೇಳಿದರು, "ಅಂಕಿ ಒಂಚೂರೂ ಅಲುಗ್ತಿಲ್ಲ ನೋಡು." ಅಲ್ಲೇ ಉತ್ತರ ಇತ್ತು. ನಿಂತ ರಿಸೀವರ್‌ನಲ್ಲೂ ಅಕ್ಷಾಂಶದ ಕೊನೆಯ ಅಂಕಿಗಳು ಸದಾ ಕುಣಿಯುತ್ತಿರಬೇಕು. ಒಂದೇ ಅಂಕಿ ನಿಮಿಷಗಟ್ಟಲೆ ಅಚ್ಚೊತ್ತಿದಂತೆ ಬಂದರೆ ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದಾರೆ ಅಂತ ಅರ್ಥ.

ನಿಲ್ಲಿಸಿದ್ದು ರಿಸೀವರ್‌ನ ಒಳಗಿನ ತಂತ್ರಾಂಶ. ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಂತ ಕಾರಿನ ಗುರುತು ಸುಮ್ನೆ ಅಲೆದಾಡಬಾರದು ಅಂತ, ವೇಗ ನಡಿಗೆಗಿಂತ ಕಡಿಮೆಯಾದರೆ ಜಾಗವನ್ನು ಹೆಪ್ಪುಗಟ್ಟಿಸುವ ಸೌಲಭ್ಯ ಇದೆ. ಸರ್ಫ್ ಕಂಪನಿಯ ಚಿಪ್‌ಗಳಲ್ಲಿ ಇದಕ್ಕೆ ಸ್ಟ್ಯಾಟಿಕ್ ನ್ಯಾವಿಗೇಶನ್ ಅಂತ ಹೆಸರು, ಯುಬ್ಲಾಕ್ಸ್ ಕಂಪನಿಯವುಗಳಲ್ಲಿ ಸ್ಟ್ಯಾಟಿಕ್ ಹೋಲ್ಡ್. ವೇಗ ಮತ್ತೆ ಏರಿದಾಗ, ಅಥವಾ ನಿಜವಾದ ಜಾಗ ತುಂಬ ದೂರ ಸರಿದಾಗ ಮಾತ್ರ ಬಿಡುಗಡೆ. ಲಂಗರು ಜಾರಿದ ದೋಣಿ ಅರ್ಧ ನಾಟ್ ವೇಗದಲ್ಲಿ ಸರಿಯುತ್ತದೆ. ಅದು ನಿಮಿಷಕ್ಕೆ 15 ಮೀಟರ್. ರಿಸೀವರ್ ಕಣ್ಣಿಗೆ ಅದು ಸಿಗ್ನಲ್‌ನಲ್ಲಿ ನಿಂತ ಕಾರು. ಎಂಜಿನ್ ಓಡಿದಾಗ ಗುರುತು ಹಾರಿದ್ದು ಬ್ಯಾಟರಿಯ ಬಲದಿಂದ ಅಲ್ಲ, ದೋಣಿಯ ವೇಗ ಏರಿದ್ದರಿಂದ.

ಇದರ ಜೊತೆಗೆ ಯುಬ್ಲಾಕ್ಸ್ ಚಿಪ್‌ಗಳಲ್ಲಿ ವಾಹನದ ಮಾದರಿ ಅಂತ ಇನ್ನೊಂದು ಸೆಟ್ಟಿಂಗ್ ಇದೆ. ಪೋರ್ಟಬಲ್, ಆಟೋಮೋಟಿವ್, ಸೀ ಹೀಗೆ. ಸೀ ಮಾದರಿ ನಾವು ಸಮುದ್ರ ಮಟ್ಟದಲ್ಲಿ ಇದ್ದೇವೆ, ಮೇಲೆ ಕೆಳಗೆ ಹೋಗುವುದಿಲ್ಲ ಅಂತ ನಂಬಿ ಲೆಕ್ಕ ಹಾಕುತ್ತದೆ. ದೋಣಿಗೆ ಒಳ್ಳೆಯದು. ಆದರೆ ಅದಕ್ಕೆ 500 ಮೀಟರ್ ಎತ್ತರದ, ಸೆಕೆಂಡಿಗೆ 25 ಮೀಟರ್ ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದ ಮಿತಿ ಇದೆ. ಅದೇ ಸೆಟ್ಟಿಂಗ್‌ನಲ್ಲಿ ಕಾರು ಹತ್ತಿಸಿಕೊಂಡು ಮಡಿಕೇರಿಗೋ ಆಗುಂಬೆಗೋ ಹೊರಟರೆ ಘಾಟಿಯಲ್ಲಿ ಆ ಎತ್ತರ ದಾಟಿದ ಮೇಲೆ ಲೆಕ್ಕ ಕೈಕೊಡುತ್ತದೆ. ಕೆಳಗೆ ಇಳಿದರೆ ಸರಿ, ಮೇಲೆ ಹೋದರೆ ತಪ್ಪು. ಕಾರಣ ಗೊತ್ತಿಲ್ಲದವರು ಗುಡ್ಡದ ಮೇಲೆ, ಮಳೆಯ ಮೇಲೆ ಹಾಕುತ್ತಾರೆ. ಒಂದೇ ರಿಸೀವರನ್ನು ಎರಡು ಕಡೆಗೂ ಬಳಸುವವರಿಗೆ ನನ್ನ ಸಲಹೆ ಪೋರ್ಟಬಲ್ ಮಾದರಿ, ಸ್ಟ್ಯಾಟಿಕ್ ಹೋಲ್ಡ್ ಸೊನ್ನೆ. ಕಾರು ನಿಂತಾಗ ಗುರುತು ಸ್ವಲ್ಪ ಅಲೆಯುತ್ತದೆ, ಅಲೆಯಲಿ.

ಸೆಟ್ಟಿಂಗ್ ಬದಲಿಸಲು ತಯಾರಕರ ತಂತ್ರಾಂಶ ಬೇಕು. ಯುಬ್ಲಾಕ್ಸ್‌ಗೆ ಯು-ಸೆಂಟರ್. ಬದಲಿಸಿದ ಮೇಲೆ ಉಳಿಸುವ ಆಜ್ಞೆ ಕೊಡಬೇಕು. ಇಲ್ಲೂ ಒಂದು ತೊಡಕು ಇದೆ. ಅಗ್ಗದ ಗುಂಡು ರಿಸೀವರ್‌ಗಳಲ್ಲಿ ಹಲವಕ್ಕೆ ಶಾಶ್ವತ ನೆನಪು ಇಲ್ಲ. ಪುಟ್ಟ ಬ್ಯಾಕಪ್ ಶಕ್ತಿ ಇರುವ ತನಕ ನೆನಪಿಟ್ಟುಕೊಂಡು, ಕೆಲವು ಗಂಟೆ ಕರೆಂಟ್ ತಪ್ಪಿದರೆ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಇವತ್ತು ಸರಿ ಮಾಡಿ, ರಾತ್ರಿಯಿಡೀ ಕಳಚಿಟ್ಟು, ಬೆಳಿಗ್ಗೆ ಮತ್ತೆ ತೆರೆದು ನೋಡಿ. ಮರೆತಿದ್ದರೆ ಪ್ರತಿ ಸಲ ಶುರುವಿನಲ್ಲಿ ಸೆಟ್ಟಿಂಗ್ ಕಳಿಸುವ ಏರ್ಪಾಡು ಮಾಡಿ, ಇಲ್ಲವೇ ನೆನಪಿರುವ ರಿಸೀವರ್ ಕೊಳ್ಳಿ.

ದಿಕ್ಕಿನ ಬಾಣದ ವಿಷಯವೂ ಇದಕ್ಕೆ ಸೇರಿದ್ದು. ಒಂಟಿ ಆಂಟೆನಾದ ಜಿಪಿಎಸ್‌ಗೆ ದೋಣಿಯ ಮೂತಿ ಯಾವ ಕಡೆ ಇದೆ ಅಂತ ಗೊತ್ತಿಲ್ಲ. ದೋಣಿ ಯಾವ ಕಡೆ ಸರಿಯುತ್ತಿದೆ ಅಂತ ಮಾತ್ರ ಗೊತ್ತು. ನಿಂತಾಗ ಬಾಣ ಗಿರಗಿರ ತಿರುಗುವುದು ದೋಷ ಅಲ್ಲ. ಪಕ್ಕದಿಂದ ನೀರಿನ ಸೆಳೆತ ಇದ್ದರೆ ಬಾಣ ಒಂದು ಕಡೆ, ಮೂತಿ ಒಂದು ಕಡೆ ಇರುತ್ತದೆ. ಮೂತಿ ಬೇಕಿದ್ದರೆ ಕಂಪಾಸ್ ನೋಡಬೇಕು.

ಪರೀಕ್ಷೆ ನೀರಿನಲ್ಲಿ ಮಾಡಬೇಕಿಲ್ಲ. ನಾವು ಜೆಟ್ಟಿಯ ಮೇಲೆ ಮಾಡಿದೆವು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಒಂದು ಕೈಯಲ್ಲಿ ರಿಸೀವರ್. ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೆ ಒಂದು ಹೆಜ್ಜೆ. ನಿಮಿಷಕ್ಕೆ 15 ಮೀಟರ್ ಮೀರದಂತೆ 40 ಮೀಟರ್ ನಡೆದೆವು. ಹಳೆಯ ಸೆಟ್ಟಿಂಗ್‌ನಲ್ಲಿ ಗುರುತು ಕದಲಲೇ ಇಲ್ಲ. ಹೊಸದರಲ್ಲಿ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿತು. ಆಮೇಲೆ ಅಲಾರಂ ವೃತ್ತವನ್ನು 30 ಮೀಟರ್‌ಗೆ ಇಟ್ಟು ಇನ್ನೊಮ್ಮೆ ನಡೆದೆವು. ಮೂವತ್ತು ಮೀಟರ್ ದಾಟುವ ಹೊತ್ತಿಗೆ ಲ್ಯಾಪ್‌ಟಾಪ್ ಜೋರಾಗಿ ಕೂಗಿತು. ಬಲೆ ಹೆಣೆಯುತ್ತಾ ಕೂತಿದ್ದವರು ತಿರುಗಿ ನೋಡಿದರು. ಭಾವ ಅಲ್ಲೇ ನಿಂತು, ವೃತ್ತ 25 ಮೀಟರ್‌ಗೆ ಇಳಿಸಿ ಮತ್ತೊಮ್ಮೆ ನಡೆಯೋಣ ಅಂದರು.